ಮೆಚ್ಚಿದ ಪದವನ್ನು ಪುಸ್ತಕಕ್ಕೆ ಇಳಿಸುವ ಕ್ರಮ

ನಿಮ್ಮ ಮೆಚ್ಚಿನ ಕನ್ನಡ ಪದ ಯಾವುದು ಎಂದು ಕೇಳಿದರೆ ಹೆಚ್ಚಿನವರು ಕೊಂಚ ಯೋಚಿಸಿ ಬೆಳದಿಂಗಳು, ಮುಂಗಾರು, ಅಕ್ಕರೆ, ತಂಗಾಳಿ ಎಂಬಂಥ ಒಂದು ಪದವನ್ನು ಹೇಳುತ್ತಾರೆ. ಏಕೆ ಎಂದು ಮುಂದೆ ಕೇಳಿದರೆ ‘ಕೇಳುವುದಕ್ಕೆ ಚೆನ್ನಾಗಿದೆ’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಆ ಮೆಚ್ಚುಗೆಯಲ್ಲಿ ನಾದದ ಪಾಲೆಷ್ಟು, ಅರ್ಥದ ಪಾಲೆಷ್ಟು, ಆ ಪದವನ್ನು ನಮಗೆ ಮೊದಲು ಕೇಳಿಸಿದವರ ನೆನಪಿನ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡುವುದಕ್ಕೆ ನಾನು ಹಲವು ವರ್ಷಗಳಿಂದ ಒಂದು ಪುಸ್ತಕವನ್ನು ಇಟ್ಟುಕೊಂಡು ಬಂದಿದ್ದೇನೆ. ಅಂಥದ್ದನ್ನು ಇಡಬೇಕೆಂಬ ಆಸೆಯುಳ್ಳವರಿಗಾಗಿ ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಗೆರೆ ಹಾಕಿದ 200 ಪುಟದ ನೋಟ್ ಪುಸ್ತಕ ಒಂದಿದ್ದರೆ ಸಾಕು. ಒಂದು ಪದಕ್ಕೆ ಒಂದು ಇಡೀ ಪುಟವನ್ನು ಮೀಸಲಿಡಿ. ಅಕಾರಾದಿಯ ಗೊಡವೆ ಬೇಡ, ಪದ ಸಿಕ್ಕ ದಿನಾಂಕವೇ ಅದರ ಸ್ಥಾನ. ಪದವನ್ನಷ್ಟೇ ಬರೆದುಕೊಳ್ಳದೆ, ಅದು ಬಂದ ಇಡೀ ವಾಕ್ಯವನ್ನು, ಆಡಿದವರು ಯಾರು, ಯಾವ ಊರಿನವರು, ಏನು ಕೆಲಸ ಮಾಡುತ್ತಿದ್ದಾಗ ಆಡಿದರು ಎಂಬುದನ್ನು ಬರೆದಿಡಿ. ಮುಖ್ಯವಾಗಿ, ಕೇಳಿದಂತೆಯೇ ಬರೆಯಿರಿ. ಹಳೆ ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ಹಾಲನ್ನು ‘ಆಲು’ ಎಂದವರ ಮಾತನ್ನು ‘ಹಾಲು’ ಎಂದು ತಿದ್ದಿ ಬರೆದರೆ, ನಿಮ್ಮ ಕಿವಿಗೆ ಬಿದ್ದದ್ದು ಪುಸ್ತಕಕ್ಕೆ ಬರಲೇ ಇಲ್ಲ ಎಂದಾಯಿತು. ದಕ್ಷಿಣ ಕನ್ನಡದ ಹವ್ಯಕರು ‘ನಾನು’ ಎನ್ನುವುದಕ್ಕೆ ‘ಆನು’ ಎನ್ನುತ್ತಾರೆ. ಅದು ಹಳಗನ್ನಡದ ‘ಆನ್’ ಎಂಬ ರೂಪವೇ ಆಗಿದ್ದು, ಅಡುಗೆಮನೆಯ ಮಾತಿನಲ್ಲಿ ಇಂದಿಗೂ ಬದುಕಿದೆ. ಊರುಮನೆಯ ಮಾತನ್ನು ‘ಅಶುದ್ಧ’ ಎಂದು ಬದಿಗೆ ಸರಿಸುವವರಿಗೆ ಇಂಥ ಸಂಪತ್ತು ಎಂದಿಗೂ ಸಿಗುವುದಿಲ್ಲ.

ಅನಂತರದ ಕೆಲಸ ಬಾಯಿಯದು. ಪದವನ್ನು ಗಟ್ಟಿಯಾಗಿ, ನಿಧಾನವಾಗಿ ಮೂರು ಸಲ ಹೇಳಿ, ತುಟಿ ನಾಲಿಗೆಗಳು ಎಲ್ಲೆಲ್ಲಿ ತಾಗುತ್ತವೆ ಎಂಬುದನ್ನು ಗಮನಿಸಿ. ‘ಮಳೆ’ ಎಂಬುದನ್ನೇ ತೆಗೆದುಕೊಳ್ಳಿ. ಮಕಾರಕ್ಕೆ ತುಟಿಗಳು ಮುಚ್ಚಿ ದನಿ ಮೂಗಿನಲ್ಲಿ ಹಾಯುತ್ತದೆ. ಳಕಾರಕ್ಕೆ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ, ದನಿ ಅದರ ಎರಡೂ ಬದಿಗಳಿಂದ ಹರಿದುಹೋಗುತ್ತದೆ. ಕೊನೆಗೆ ಎಕಾರದಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ನಾಲಿಗೆಯನ್ನು ಮಡಚದೆ ಹೇಳಿದರೆ ಅದು ‘ಮಲೆ’ಯಾಗಿ, ಮಳೆ ಹೋಗಿ ಬೆಟ್ಟ ಬಂದಿರುತ್ತದೆ. ಹಳಗನ್ನಡದಲ್ಲಿ ಈ ಪದ ‘ಮೞೆ’ ಎಂದಿತ್ತು. ನಾವು ಕಳೆದುಕೊಂಡ ಆ ೞಕಾರವನ್ನು ತಮಿಳರೂ ಮಲಯಾಳಿಗಳೂ ಇದೇ ಪದದಲ್ಲಿ ಉಳಿಸಿಕೊಂಡಿದ್ದಾರೆ. ಆ ಭಾಷೆಗಳನ್ನು ಆಡುವ ಗೆಳೆಯರಿದ್ದರೆ ಅವರ ಬಾಯಲ್ಲಿ ಒಮ್ಮೆ ಹೇಳಿಸಿ ಕೇಳಿ. ಪುಟದಲ್ಲಿ ಹತ್ತು ಸಾಲು ಬರೆದರೂ ತಿಳಿಯದ್ದು ಆಗ ತಿಳಿಯುತ್ತದೆ.

ಕನ್ನಡದ ಪದಗಳು ಕಿವಿಗೆ ಮೃದುವಾಗಿ ಕೇಳುವುದಕ್ಕೆ ಎರಡು ದೊಡ್ಡ ಬದಲಾವಣೆಗಳೂ ಕಾರಣವೆಂದು ನನಗೆ ತೋರುತ್ತದೆ. ಹಳಗನ್ನಡದ ಪಾಲ್, ಪೂ, ಪಕ್ಕಿ, ಪೊನ್ ಎಂಬವುಗಳ ಪಕಾರ ಹಕಾರವಾಗಿ ಹಾಲು, ಹೂವು, ಹಕ್ಕಿ, ಹೊನ್ನು ಆದವು. ತುಟಿಗಳ ಬಡಿತವಿದ್ದ ಕಡೆ ಬರಿಯ ಉಸಿರು ಉಳಿಯಿತು. ಕಣ್, ಕಾಲ್, ತಿಂಗಳ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದವು ಉಕಾರವನ್ನು ಪಡೆದು ಕಣ್ಣು, ಕಾಲು, ತಿಂಗಳು ಎಂದಾದವು. ನೀವು ಮೆಚ್ಚಿದ ಪದಕ್ಕೆ ಹಳೆಯ ರೂಪವೊಂದಿದ್ದರೆ ಅದನ್ನೂ ಪಕ್ಕದಲ್ಲಿ ಬರೆದು ಎರಡನ್ನೂ ಹೇಳಿ ನೋಡಿ.

ವ್ಯಾಕರಣವು ಅನುಕರಣಾವ್ಯಯ ಎಂದು ಕರೆಯುವ ಪದಗಳಿಗೆ ಬೇರೆಯೇ ಪರೀಕ್ಷೆ ಬೇಕು. ಜುಳುಜುಳು, ಪಟಪಟ, ದಡದಡ ಎಂಬವು ಕೇಳಿದ ಸದ್ದನ್ನು ಅನುಕರಿಸುತ್ತವೆ. ಆದರೆ ಥಳಥಳ ಎಂಬುದು ಬೆಳಕಿಗೆ, ಘಮಘಮ ಎಂಬುದು ವಾಸನೆಗೆ, ಚುರುಚುರು ಎಂಬುದು ಗಾಯದ ಉರಿಗೆ ಸಲ್ಲುತ್ತವೆ, ಇವುಗಳಲ್ಲಿ ಯಾವುದಕ್ಕೂ ಸದ್ದೇ ಇಲ್ಲ. ಇಲ್ಲದ ಸದ್ದನ್ನು ಕನ್ನಡಿಗರೆಲ್ಲರ ಕಿವಿ ಒಂದೇ ಬಗೆಯಲ್ಲಿ ಕೇಳಿಸಿಕೊಂಡಿರುವುದು ನನಗೆ ಇಂದಿಗೂ ವಿಸ್ಮಯದ ಸಂಗತಿ. ಇಂಥ ಪದದ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ: ತೊಳೆದ ತಂಬಿಗೆ ಪಟಪಟ ಹೊಳೆಯಿತು ಎಂದಾಗ ವಾಕ್ಯ ಏಕೆ ಕೆಟ್ಟಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ.

ಅರ್ಥದ ಕಡೆಗೆ ಬಂದಾಗ ಪದವನ್ನು ಬಿಡಿಸಬೇಕು. ಬೆಳದಿಂಗಳು ಎಂಬುದು ಬೆಳ್ ಮತ್ತು ತಿಂಗಳ್ ಸೇರಿ ಆದದ್ದು. ಬೆಳ್ ಎಂದರೆ ಬಿಳಿ, ತಿಂಗಳ್ ಎಂದರೆ ಚಂದ್ರ. ಬೆಳ್ಳಿ, ಬೆಳ್ಳಕ್ಕಿ, ಬೆಳ್ಳುಳ್ಳಿ ಎಲ್ಲವೂ ಇದರ ಬಳಗದವೇ. ಸಂಬಳ ಬರುವ ತಿಂಗಳು ಕೂಡ ಚಂದ್ರನ ಹೆಸರೇ ಎಂಬುದು ಹೊಳೆದ ದಿನ ನಾನು ಗೋಡೆಯ ಕ್ಯಾಲೆಂಡರನ್ನು ಬೇರೆ ಕಣ್ಣಿನಿಂದ ನೋಡಿದೆ. ಹಾಗೆಯೇ ತಣ್ ಎಂಬುದರಿಂದ ತಂಪು, ತಣ್ಣೀರು, ತಂಗಾಳಿ. ಹೊನ್ ಎಂಬುದರಿಂದ ಹೊಂಬಿಸಿಲು, ಹೊಂಬಣ್ಣ. ಮಳೆಗಾಲ, ಕಪ್ಪು ಎಂಬ ಅರ್ಥಗಳ ಕಾರ್ ಎಂಬುದರಿಂದ ಮುಂಗಾರು, ಹಿಂಗಾರು, ಕಾರ್ಮೋಡ. ಆದರೆ ನಾದ ಒಂದೇ ಎಂಬ ಕಾರಣಕ್ಕೆ ಕಾರ್ತಿಕ ಮಾಸವನ್ನು ಈ ಬಳಗಕ್ಕೆ ಸೇರಿಸಬೇಡಿ. ಅದು ಕೃತ್ತಿಕಾ ನಕ್ಷತ್ರದಿಂದ ಬಂದ ಸಂಸ್ಕೃತ ಪದ.

ತದ್ಭವಗಳಲ್ಲಿ, ಎಂದರೆ ಸಂಸ್ಕೃತದಿಂದ ಬಂದು ಕನ್ನಡದಲ್ಲಿ ರೂಪ ಬದಲಿಸಿಕೊಂಡ ಪದಗಳಲ್ಲಿ, ಇನ್ನಷ್ಟು ದೂರ ಹೋಗಬಹುದು. ‘ಹಬ್ಬ’ ಎಂಬುದು ಸಂಸ್ಕೃತದ ‘ಪರ್ವ’ದಿಂದ ಬಂದಿದೆ, ಪರ್ವ ಎಂದರೆ ಗಿಣ್ಣು ಎಂಬ ಅರ್ಥವೂ ಇದೆ. ಸಂಕ್ರಾಂತಿಗೆ ತಂದ ಕಬ್ಬಿನ ಜಲ್ಲೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ: ಒಂದು ಗೇಣು ನುಣುಪಾಗಿ ಬಂದು, ಅಲ್ಲೊಂದು ಗಿಣ್ಣು ಉಬ್ಬಿ ಗಟ್ಟಿಯಾಗಿ ನಿಂತು, ಕಣ್ಣೊಂದು ಅದರ ಬದಿಯಲ್ಲಿ ಮೊಳೆಯಲು ಕಾದು, ಮತ್ತೆ ನುಣುಪು ಆರಂಭವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳು ತಿಂಗಳಿನ ಗಿಣ್ಣುಗಳು, ಹಬ್ಬಗಳು ವರ್ಷದ ಗಿಣ್ಣುಗಳು ಎಂದು ಕಂಡವರ ಕಾಣ್ಕೆ ಆ ಎರಡಕ್ಷರದ ಪದದಲ್ಲಿ ಇನ್ನೂ ಇದೆ.

ಹೀಗೆ ಬಿಡಿಸುವಾಗ ಊಹೆಗೆ ಕಡಿವಾಣ ಹಾಕಲು ನಿಘಂಟು ಬೇಕೇ ಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟು ಪದದ ಪಕ್ಕದಲ್ಲಿ ತಮಿಳು, ತೆಲುಗು ಮುಂತಾದ ನೆರೆಭಾಷೆಗಳ ರೂಪಗಳನ್ನು ಕೊಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆಯ್ದು ತೋರಿಸುತ್ತದೆ. ದೊಡ್ಡ ಗ್ರಂಥಾಲಯಗಳಲ್ಲಿ ಅದನ್ನು ಕುಳಿತು ನೋಡಬಹುದು. ‘ಅಕ್ಕರೆ’ಯನ್ನು ನಾನು ಬಹುಕಾಲ ‘ಅಕ್ಕ’ನಿಗೆ ಸಂಬಂಧಿಸಿದ ಪದವೆಂದೇ ಭಾವಿಸಿದ್ದೆ, ಏಕೆಂದರೆ ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಆದರೆ ತೆಲುಗಿನಲ್ಲಿ ‘ಅಕ್ಕರ’ ಎಂದರೆ ಅಗತ್ಯ, ತಮಿಳಿನಲ್ಲಿ ‘ಅಕ್ಕರೈ’ ಎಂದರೆ ಕಾಳಜಿ. ಕನ್ನಡದಲ್ಲಿ ಅದು ಪ್ರೀತಿಯಾಗಿ ನಿಂತಿದೆ. ನನ್ನ ಊಹೆಯನ್ನು ಒಂದು ಗೆರೆ ಎಳೆದು ಹೊಡೆದುಹಾಕಿದೆ, ಆದರೆ ಅಕ್ಕನ ಹೆಸರನ್ನು ಅದೇ ಪುಟದಲ್ಲಿ ‘ನೆನಪು’ ಎಂಬ ಸಾಲಿಗೆ ಬರೆದುಕೊಂಡೆ. ಪದದ ಮೂಲವನ್ನು ತಿಳಿಸುವ ವ್ಯುತ್ಪತ್ತಿಯನ್ನೂ ನೆನಪನ್ನೂ ಬೇರೆ ಬೇರೆ ಸಾಲುಗಳಲ್ಲಿ ಇಡುವುದು ಈ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮ. ಎರಡಕ್ಕೂ ಜಾಗವಿರಬೇಕು, ಒಂದು ಇನ್ನೊಂದರ ವೇಷದಲ್ಲಿ ಬರಬಾರದು.

ಪುಟದ ಕೆಳಗಿನ ಅರ್ಧವನ್ನು ಖಾಲಿ ಬಿಡಿ. ಅದೇ ಪದವನ್ನು ಬೇರೆಯವರ ಬಾಯಲ್ಲಿ ಕೇಳಿದಾಗಲೂ, ನೀವೇ ಪತ್ರದಲ್ಲೋ ಮಾತಿನಲ್ಲೋ ಬಳಸಿದಾಗಲೂ ಅಲ್ಲಿ ದಾಖಲಿಸಿ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಇರುವುದು ‘ಓರಣ’. ತೊಳೆದ ಲೋಟಗಳನ್ನು ಹಲಗೆಯ ಮೇಲೆ ಕವುಚಿಡುತ್ತಿದ್ದ ನನಗೆ ಅಜ್ಜಿ ‘ಓರಣವಾಗಿ ಇಡು ಮಗಾ, ನೋಡಿದವರಿಗೆ ಕಣ್ಣು ತಂಪಾಗಬೇಕು’ ಎಂದದ್ದು ಮೇಲರ್ಧದಲ್ಲಿದೆ. ಆರು ವರ್ಷಗಳ ಅನಂತರ ಸಂತೆಯಲ್ಲಿ ವೀಳ್ಯದೆಲೆಗಳನ್ನು ತೊಟ್ಟಿಗೆ ತೊಟ್ಟು ಸೇರಿಸಿ ಜೋಡಿಸುತ್ತಿದ್ದ ಹೆಂಗಸೊಬ್ಬರು ಪಕ್ಕದಲ್ಲಿದ್ದ ಮಗನಿಗೆ ‘ಮೊದಲು ಓರಣ ಮಾಡ್ಕೊ, ಆಮೇಲೆ ಕಟ್ಟು’ ಎಂದದ್ದನ್ನು ಕೆಳಗೆ ಬರೆದುಕೊಂಡಿದ್ದೇನೆ. ಅದರ ಕೆಳಗೆ ಇನ್ನೂ ಒಂಬತ್ತು ಗೆರೆಗಳು ಖಾಲಿ ಇವೆ.