ಕಾರಣ ಕಾಣದ ಉರಿ: ಚಿಕಿತ್ಸಾಲಯದಲ್ಲಿ ನನ್ನ ಅನುಭವ

ಹೊರ ಜನನಾಂಗದ ದೀರ್ಘಕಾಲದ ನೋವಿಗೆ ಔಷಧಿ ಬರೆಯುವ ಮುನ್ನ, ಅದು ಎಲ್ಲಿದೆ, ಯಾವಾಗ ಕೆರಳುತ್ತದೆ ಎಂದು ತಿಳಿಯುವುದಕ್ಕೇ ಸ್ತ್ರೀರೋಗ ತಜ್ಞೆಯಾಗಿ ನಾನು ಹೆಚ್ಚು ಸಮಯ ಕೊಡುತ್ತೇನೆ. "ಕೆಳಗೆ ಉರಿ ಮೇಡಂ, ಉಷ್ಣ ಆಗಿರಬೇಕು" ಎಂದು ಮಾತು ಶುರುಮಾಡುವ ಹೆಣ್ಣುಮಕ್ಕಳು ಅಷ್ಟರಲ್ಲಾಗಲೇ ಬಿಳಿಮುಟ್ಟಿನ ಮಾತ್ರೆ, ಫಂಗಸ್ ಮುಲಾಮುಗಳನ್ನು ಮತ್ತೆ ಮತ್ತೆ ಬಳಸಿ, ಕೊನೆಗೆ "ನಿಮಗೇನೂ ಆಗಿಲ್ಲ" ಎಂಬ ಮಾತನ್ನೂ ಕೇಳಿ ನೊಂದಿರುತ್ತಾರೆ.

ಸೋಂಕು, ಚರ್ಮರೋಗ, ಮುಟ್ಟು ನಿಂತ ನಂತರದ ಶುಷ್ಕತೆ ಮುಂತಾದ ಸ್ಪಷ್ಟ ಕಾರಣಗಳಿಲ್ಲದೆ ನೋವು ಕನಿಷ್ಠ 3 ತಿಂಗಳು ಮುಂದುವರಿದರೆ, 2015ರ ಅಂತರರಾಷ್ಟ್ರೀಯ ಒಮ್ಮತದ ವ್ಯಾಖ್ಯೆಯಂತೆ ಅದು ವಲ್ವೊಡಿನಿಯಾ. ಪರೀಕ್ಷಿಸುವಾಗ, ಆಕೆ ಒಪ್ಪಿದರೆ, ಕೈಗೊಂದು ಕನ್ನಡಿ ಕೊಡುತ್ತೇನೆ. ಒದ್ದೆ ಮಾಡಿದ ಹತ್ತಿಕಡ್ಡಿಯನ್ನು ಮೊದಲು ತೊಡೆಯ ಒಳಬದಿಗೆ ಮುಟ್ಟಿಸಿ, ನಂತರ ಯೋನಿದ್ವಾರದ ಸುತ್ತ ಗಡಿಯಾರದ ಅಂಕಿಗಳಂತೆ ಒಂದೊಂದೇ ಕಡೆ ಹಗುರವಾಗಿ ಒತ್ತುತ್ತ, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹೇಳಿಸಿ, ಚಿತ್ರ ಬರೆದು ಗುರುತು ಹಾಕುತ್ತೇನೆ. ಮೇಲ್ಭಾಗದಲ್ಲಿ ಸುಮ್ಮನಿದ್ದವರು ಐದು, ಏಳರ ಅಂಕಿಯ ಬಳಿ ಕಡ್ಡಿ ತಾಗಿದೊಡನೆ ಸೊಂಟವನ್ನೇ ಹಿಂದಕ್ಕೆಳೆದುಕೊಳ್ಳುವುದುಂಟು. ತಮ್ಮ ನೋವು ಕಲ್ಪನೆಯಲ್ಲ, ಅದಕ್ಕೊಂದು ಜಾಗವಿದೆ ಎಂಬುದು ಅವರಿಗೆ ಮನದಟ್ಟಾಗುವುದು ಆಗಲೇ. ಅವಿವಾಹಿತರಿಗೂ ಈ ಪರೀಕ್ಷೆ ಮಾಡಬಹುದು, ಒಳಗೆ ಉಪಕರಣ ಹಾಕಬೇಕಾಗಿಲ್ಲ.

ಅನೇಕರಲ್ಲಿ ಶ್ರೋಣಿಯ (ಕಿಬ್ಬೊಟ್ಟೆಯ ಕೆಳಗಿನ ಎಲುಬಿನ ಗೂಡಿನ) ತಳದ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಅಂಥವರು ಯಾರದೋ ಸಲಹೆಯಂತೆ ಕೆಗೆಲ್ ವ್ಯಾಯಾಮ, ಅಂದರೆ ಇದೇ ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿಹಿಡಿಯುವ ಅಭ್ಯಾಸ, ಮಾಡಿದರೆ ನೋವು ಹೆಚ್ಚಬಹುದು; ಅವರು ಮೊದಲು ಕಲಿಯಬೇಕಾದದ್ದು ಸಡಿಲಿಸುವುದನ್ನು. ಉಸಿರನ್ನು ಹೊಟ್ಟೆಯವರೆಗೆ ಎಳೆದುಕೊಂಡು ಗುದದ ಸುತ್ತಲಿನ ಬಿಗಿತ ಬಿಡುವುದನ್ನು, ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್ ಹತ್ತಿರ ಕುಳಿತು ಹೇಳಿಕೊಡಬೇಕು. ಸೋಪು, ನಂಜುನಿರೋಧಕ ದ್ರವ, ಸುಗಂಧದ ಪ್ಯಾಡ್‌ಗಳನ್ನು ಬಿಡಿಸಿ, ಬರೀ ನೀರಿನಿಂದ ತೊಳೆಯಲು ಹೇಳುತ್ತೇನೆ. ಮುಟ್ಟಿದಾಗ ಮಾತ್ರ ನೋವಿದ್ದರೆ ಆ ಜಾಗವನ್ನು ಮರಗಟ್ಟಿಸುವ ಲಿಡೊಕೇಯ್ನ್ ಮುಲಾಮು. ಸದಾ ಉರಿಯಿದ್ದರೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲೀನ್‌ನಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತೇನೆ. ಅದು ಖಿನ್ನತೆಯ ಮಾತ್ರೆಯೆಂದು ಅಂಗಡಿಯವರು ಹೇಳಿ ಗಾಬರಿಪಡಿಸುವ ಮೊದಲೇ, ನರಗಳ ಅತಿಸೂಕ್ಷ್ಮತೆಯನ್ನು ತಗ್ಗಿಸಲು ಕೊಟ್ಟಿದ್ದೇನೆಂದು ವಿವರಿಸುತ್ತೇನೆ. ಗುಣ ಕಾಣಲು ವಾರಗಳೇ ಬೇಕು.

ಆಕೆ ಒಪ್ಪಿದರೆ ಗಂಡನನ್ನೂ ಕರೆಸುತ್ತೇನೆ. ಇದು ಅಂಟುರೋಗವಲ್ಲ, ನೋವನ್ನು ಸಹಿಸಿಕೊಂಡು ಕೂಡಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಆದ್ದರಿಂದ ಸದ್ಯಕ್ಕೆ ಸಂಭೋಗ ಬೇಡವೆಂದು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಹೇಳುತ್ತೇನೆ.