ಕೆಮಿಸ್ಟ್ರಿಯ ಸಿಕ್ಕಿಸಿಹಾಕುವ ಪ್ರಶ್ನೆ ಬಂದರೆ ಮೊದಲು ಎಣಿಸಿ

ಪ್ರಶ್ನೆ ಓದಿದ ತಕ್ಷಣ "ಇದು ಯಾವ ರಿಯಾಕ್ಷನ್?" ಅಂತ ನೆನಪಿನಲ್ಲಿ ತಡಕಾಡಬೇಡಿ. ಇಂಥ ಪ್ರಶ್ನೆ ತೆಗೆಯುವವರು ಬಾಯಿಪಾಠ ಕೈಕೊಡುವ ಜಾಗ ನೋಡಿಯೇ ತೆಗೆಯುತ್ತಾರೆ. ಪೆನ್ನು ಹಿಡಿದು ಎಣಿಸಿ, ರಚನೆ ಬರೆಯಿರಿ.

ಇನಾರ್ಗಾನಿಕ್‌ನದ್ದು ಒಂದು ನೋಡೋಣ. ಒಂದು ಕ್ರೋಮಿಯಂಗೆ ಐದು ಆಕ್ಸಿಜನ್ ಸೇರಿದ ನೀಲಿ ಪೆರಾಕ್ಸೈಡ್‌ನಲ್ಲಿ ಕ್ರೋಮಿಯಂನ ಆಕ್ಸಿಡೇಷನ್ ನಂಬರ್ ಎಷ್ಟು? ಸುಮ್ನೆ ಎಲ್ಲ ಆಕ್ಸಿಜನ್‌ಗೂ −2 ಹಾಕಿದರೆ +10 ಬರುತ್ತದೆ. ಆದರೆ ಕ್ರೋಮಿಯಂನ ಹೊರಗಿನ ಆರ್ಬಿಟಲ್‌ಗಳಾದ 3ಡಿಯಲ್ಲಿ 5, 4ಎಸ್‌ನಲ್ಲಿ 1, ಒಟ್ಟು ಕೊಡಲು ಇರುವುದೇ 6 ಎಲೆಕ್ಟ್ರಾನ್, ಹತ್ತು ಎಲ್ಲಿಂದ ತರುತ್ತದೆ? ಹಾಗಾದರೆ ಆಕ್ಸಿಜನ್‌ಗಳೇ ತಮ್ಮತಮ್ಮಲ್ಲಿ ಬಾಂಡ್ ಮಾಡಿಕೊಂಡಿರಬೇಕು, ಅಲ್ವಾ? ರಚನೆ ಬರೆದರೆ ಕಾಣುತ್ತದೆ: ನಾಲ್ಕು ಆಕ್ಸಿಜನ್ ಎರಡು ಪೆರಾಕ್ಸೈಡ್ ಜೋಡಿಗಳಲ್ಲಿವೆ, ಅವುಗಳಿಗೆ −1. ಉಳಿದ ಒಂದಕ್ಕೆ −2. ಉತ್ತರ +6.

ಕಬ್ಬಿಣದಂಥ ಲೋಹದ ಅಯಾನ್ ಕೇಳಿದರೆ ಎಲೆಕ್ಟ್ರಾನ್ ತೆಗೆಯುವುದು ಮೊದಲು 4ಎಸ್‌ನಿಂದ, 3ಡಿಯಿಂದ ಅಲ್ಲ. ಇಷ್ಟು ನೆನಪಿದ್ದರೆ, ಜೋಡಿಯಿಲ್ಲದ ಎಲೆಕ್ಟ್ರಾನ್ ಎಣಿಸಬೇಕಾದ ಕಾಂತೀಯ ಗುಣದ ಎಷ್ಟೋ ಪ್ರಶ್ನೆಗಳು ಸಲೀಸು.

ಆರ್ಗಾನಿಕ್‌ನಲ್ಲಿ ಅಣುಸೂತ್ರ ಕೊಟ್ಟಿದ್ದರೆ ಅದನ್ನು ದಾಟಿ ಮುಂದೆ ಹೋಗಲೇಬೇಡಿ. ಕಾರ್ಬನ್ ಸಂಖ್ಯೆಯನ್ನು ಎರಡು ಪಟ್ಟು ಮಾಡಿ, 2 ಕೂಡಿಸಿ, ಹೈಡ್ರೋಜನ್ ಕಳೆದು, ಅರ್ಧ ಮಾಡಿ. ಆಕ್ಸಿಜನ್ ಲೆಕ್ಕಕ್ಕಿಲ್ಲ. ಹ್ಯಾಲೋಜನ್ ಇದ್ದರೆ ಹೈಡ್ರೋಜನ್ ಜೊತೆಗೇ ಎಣಿಸಿ ಕಳೆಯಿರಿ, ನೈಟ್ರೋಜನ್ ಇದ್ದರೆ ಅರ್ಧ ಮಾಡುವ ಮೊದಲು ಒಂದೊಂದಕ್ಕೂ 1 ಕೂಡಿಸಿ. ಬಂದ ಸಂಖ್ಯೆ, ಅಣುವಿನಲ್ಲಿರುವ ಉಂಗುರ ಮತ್ತು ಪೈ ಬಾಂಡ್‌ಗಳ (ಡಬಲ್ ಬಾಂಡ್‌ನಲ್ಲಿ ಒಂದು, ಟ್ರಿಪಲ್‌ನಲ್ಲಿ ಎರಡು) ಮೊತ್ತ. 7 ಕಾರ್ಬನ್, 8 ಹೈಡ್ರೋಜನ್, 1 ಆಕ್ಸಿಜನ್ ಅಂದರೆ 4 ಬರುತ್ತದೆ, ತಕ್ಷಣ ಬೆಂಜೀನ್ ಉಂಗುರ (ಒಂದು ಉಂಗುರ, ಮೂರು ಪೈ ಬಾಂಡ್) ಇರಬಹುದು ಅಂತ ಅನುಮಾನ ಪಡಿ. ಆಗ ಐದೇ ಸಾಧ್ಯತೆ: ಮೂರು ಕ್ರೆಸಾಲ್, ಬೆಂಜೈಲ್ ಆಲ್ಕೋಹಾಲ್, ಅನಿಸೋಲ್. ಸೋಡಿಯಂ ಹಾಕಿದರೆ ಗುಳ್ಳೆ ಬರಲಿಲ್ಲ ಅಂತ ಪ್ರಶ್ನೆಯಲ್ಲಿದ್ದರೆ ಒಎಚ್ ಇಲ್ಲ, ಉಳಿದದ್ದು ಅನಿಸೋಲ್. ಅದನ್ನು ಎಚ್‌ಐ (ಹೈಡ್ರೋಜನ್ ಅಯೋಡೈಡ್) ಜೊತೆ ಕಾಯಿಸಿದರೆ ಫೀನಾಲ್ ಮತ್ತು ಮೀಥೈಲ್ ಅಯೋಡೈಡ್ ಬರುತ್ತವೆ. ಅಯೋಡೋಬೆಂಜೀನ್ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳುವವರು ಜಾಸ್ತಿ. ಉಂಗುರಕ್ಕೂ ಆಕ್ಸಿಜನ್‌ಗೂ ನಡುವಿನ ಬಾಂಡ್‌ಗೆ ಸ್ವಲ್ಪ ಡಬಲ್ ಬಾಂಡ್ ಗುಣವಿದೆ, ಅದು ಮುರಿಯುವುದಿಲ್ಲ.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇನ್ನೊಂದಿದೆ. 3-ಮೀಥೈಲ್-1-ಬ್ಯೂಟೀನ್‌ಗೆ ಎಚ್‌ಬಿಆರ್ (ಹೈಡ್ರೋಜನ್ ಬ್ರೋಮೈಡ್) ಸೇರಿಸಿದರೆ ಮುಖ್ಯವಾಗಿ ಏನು ಸಿಗುತ್ತದೆ? ಮಾರ್ಕೊವ್ನಿಕಾಫ್ ನಿಯಮ (ಹೈಡ್ರೋಜನ್ ಹೆಚ್ಚಿರುವ ಕಾರ್ಬನ್‌ಗೇ ಹೊಸ ಹೈಡ್ರೋಜನ್) ಹಚ್ಚಿ ಬ್ರೋಮಿನ್ ಅನ್ನು 2ನೇ ಕಾರ್ಬನ್‌ಗೆ ಕೂರಿಸಿದರೆ ಸಿಕ್ಕಿಬಿದ್ದಿರಿ. ನಡುವೆ ಹುಟ್ಟುವ ಕಾರ್ಬೊಕ್ಯಾಟಯಾನ್ (ಕಾರ್ಬನ್ ಮೇಲೆ ಪಾಸಿಟಿವ್ ಚಾರ್ಜ್ ಇರುವ ಅಯಾನ್) ಬರೆದು, ಪಕ್ಕದ ಕಾರ್ಬನ್ ನೋಡಿ. ಅಲ್ಲಿಂದ ಹೈಡ್ರೈಡ್ (ಎಲೆಕ್ಟ್ರಾನ್ ಜೋಡಿ ಸಮೇತ ಹೈಡ್ರೋಜನ್) ಸರಿದರೆ, ಸೆಕೆಂಡರಿ (ಎರಡು ಕಾರ್ಬನ್‌ಗೆ ಅಂಟಿದ್ದು) ಇದ್ದದ್ದು ಟರ್ಶರಿ (ಮೂರಕ್ಕೆ ಅಂಟಿದ್ದು) ಆಗುತ್ತದೆ, ಅದು ಹೆಚ್ಚು ಸ್ಥಿರ. ಹಾಗಾಗಿ 2-ಬ್ರೋಮೊ-2-ಮೀಥೈಲ್‌ಬ್ಯೂಟೇನ್ ಮುಖ್ಯ. ಕಾರ್ಬೊಕ್ಯಾಟಯಾನ್ ಬಂದಾಗಲೆಲ್ಲ ಹೀಗೆ ಪಕ್ಕದ ಕಾರ್ಬನ್ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ಆಯ್ಕೆಗಳನ್ನು ಓದಿ.