ಊರು ಆಳಂದ, ನೌಕರಿ ಕಲಬುರಗಿ, ವೋಟು ಬೀದರ್‌ಗೆ: ನನ್ನ ಅನುಭವ

ಮೊದ್ಲ ನಂದೇ ಫಜೀತಿ ಹೇಳ್ತೀನಿ. 2024ರ ಲೋಕಸಭಾ ಎಲೆಕ್ಷನ್‌ಗೆ ನಂಗ ಸೇಡಂ ಕಡಿ ಪೋಲಿಂಗ್ ಡ್ಯೂಟಿ ಬಂತು. ಡಿಗ್ರಿ ಕಾಲೇಜಿನ ಮಾಸ್ತರ ಅಂದಮ್ಯಾಗ ಡ್ಯೂಟಿ ತಪ್ಪಂಗಿಲ್ಲ. ಮೊದಲ್ನೇ ಟ್ರೇನಿಂಗ್ ದಿನ ಎಲ್ಲಾರೂ ಫಾರ್ಮ್ 12ಎ ತುಂಬ್ಲತ್ತಿದ್ರು, ನಾನೂ ತುಂಬ್ದೆ. ಇಡಿಸಿ ಅಂತಾರ ಅದಕ್ಕ, ಎಲೆಕ್ಷನ್ ಡ್ಯೂಟಿ ಸರ್ಟಿಫಿಕೇಟ್, ಅದೊಂದು ಕೈಯಾಗಿದ್ರ ಡ್ಯೂಟಿ ಇದ್ದ ಬೂತ್‌ನಾಗೇ ಮಷೀನ್ ಒತ್ತಿ ವೋಟ್ ಹಾಕಬಹುದು. ಟೇಬಲ್‌ಗೆ ಕುಂತಿದ್ದ ಕ್ಲರ್ಕ್ ನನ್ನ ಎಪಿಕ್ (ವೋಟರ್ ಕಾರ್ಡ್) ನಂಬರ್ ನೋಡಿ ಫಾರ್ಮ್ ವಾಪಸ್ ಕೊಟ್ಟ.

"ಸರ್, ನಿಮ್ ಹೆಸರು ಆಳಂದದಾಗ ಅದರಿ. ಆಳಂದ ನಮಗ ಬರಂಗಿಲ್ರಿ, ಬೀದರ್‌ಗೆ ಬರ್ತದ."

ಹಿಂದ ಪಾಳಿಗೆ ನಿಂತವ್ರು ನಕ್ಕುಬಿಟ್ರು. ನಾ ಹುಡುಗರಿಗೆ ರಾಜ್ಯಶಾಸ್ತ್ರ ಹೇಳಾಂವ ಬ್ಯಾರೆ.

ನಮ್ಮ ಕಡಿ ಇದೊಂದು ದೊಡ್ಡ ಗೊಂದಲ ನೋಡ್ರಿ. ಜಿಲ್ಲಾ ಒಂದು, ಲೋಕಸಭಾ ಕ್ಷೇತ್ರ ಇನ್ನೊಂದು. ಆಳಂದ, ಚಿಂಚೋಳಿ ಎರಡೂ ಕಲಬುರಗಿ ಜಿಲ್ಲಾದಾಗ ಅವ, ಆದ್ರ ಎಂಪಿ ಆರಿಸೋದು ಬೀದರ್‌ಗೆ. ಗುರುಮಠಕಲ್ ಯಾದಗಿರಿ ಜಿಲ್ಲಾ, ಅದು ಕಲಬುರಗಿಗೆ ಬರ್ತದ. ಸುರಪುರ, ಶಹಾಪುರ, ಯಾದಗಿರಿ ಮೂರೂ ರಾಯಚೂರಿಗೆ. ಇಡಿಸಿ ನಡೆಯೋದು ನಿಮ್ಮ ಹೆಸರಿದ್ದ ಲೋಕಸಭಾ ಕ್ಷೇತ್ರದಾಗೇ ಡ್ಯೂಟಿ ಬಿದ್ರ ಅಷ್ಟೇ. ನಂಗ ಉಳಿದಿದ್ದು ಫಾರ್ಮ್ 12, ಪೋಸ್ಟಲ್ ಬ್ಯಾಲೆಟ್. ಅದು ಈಗ ಮನಿಗೆ ಬರಂಗಿಲ್ಲ, ಫೆಸಿಲಿಟೇಶನ್ ಸೆಂಟರ್‌ಗೇ ಹೋಗಿ ಅಲ್ಲೇ ಹಾಕಿ ಬರಬೇಕು. ಬ್ಯಾಲೆಟ್ ಸಣ್ಣ ಲಕೋಟಿಯಾಗ, ಅದು 13ಬಿ. 13ಎ ಡಿಕ್ಲರೇಶನ್‌ಗೆ ಸಹಿ ಮಾಡಿ ಅಧಿಕಾರಿ ಕಡಿಂದ ದೃಢೀಕರಣ ಮಾಡ್ಸಬೇಕು, ಆಮ್ಯಾಗ ಎರಡೂ ದೊಡ್ಡ ಲಕೋಟಿ 13ಸಿ ಒಳಗ. ನನ್ನ ಬಾಜೂ ನಿಂತ ಮೇಡಮ್ ಡಿಕ್ಲರೇಶನ್ ಮಡಚಿ ಸಣ್ಣ ಲಕೋಟಿಗೇ ತುರುಕ್ಲತ್ತಿದ್ರು, ನಾ ಕೈ ಹಿಡಿದಂಗ ಮಾಡಿ ನಿಲ್ಲಿಸ್ದೆ. ಹಂಗ ಹಾಕಿದ್ರ ಎಣಿಕಿ ದಿನ ಮ್ಯಾಲೆ ಡಿಕ್ಲರೇಶನ್ ಕಾಣ್ಸಂಗಿಲ್ಲ, ವೋಟ್ ರಿಜೆಕ್ಟ್, ಸಣ್ಣ ಲಕೋಟಿ ಒಡದೂ ನೋಡಂಗಿಲ್ಲ.

ಇನ್ನ ಹಾಸ್ಟೆಲ್ ಹುಡುಗರದು. ನಮ್ಮ ಕಾಲೇಜಿನ ಎಲೆಕ್ಟೋರಲ್ ಲಿಟರಸಿ ಕ್ಲಬ್ (ಹುಡುಗರಿಗೆ ವೋಟಿನ ಬಗ್ಗೆ ತಿಳಿಸೋ ಸಂಘ) ನನ್ನ ಕೊರಳಿಗೇ ಬಿದ್ದದ, ಹಿಂಗಾಗಿ ವರ್ಷಾ ಬೇವಿನಗಿಡದ ಕೆಳಗ ಒಂದು ಟೇಬಲ್ ಹಾಕ್ಕೊಂಡು ಕುಂದರ್ತೀನಿ. ಎಲ್ಲಾರೂ ಕೇಳೋದು ಒಂದೇ, ಸರ್ ಊರಾಗ ಇಡ್ಲೋ ಇಲ್ಲೇ ಮಾಡ್ಸಲೋ. ಎರಡೂ ನಡೀತದ, ನಿಮ್ಮ ಖುಷಿ, ಆದ್ರ ಒಂದೇ ಕಡಿ. ಅಪ್ಪ ಅವ್ವನ ಮನಿ ವಿಳಾಸಕ್ಕೂ ಮಾಡ್ಸಬಹುದು, ಹಾಸ್ಟೆಲ್ ವಿಳಾಸಕ್ಕೂ ಮಾಡ್ಸಬಹುದು. ಹಾಸ್ಟೆಲ್ ಅಂದ್ರ ಪ್ರಿನ್ಸಿಪಾಲರ ಬೋನಾಫೈಡ್ ಹಚ್ಚಬೇಕು, ಕೋರ್ಸು ಕಮ್ಮಿ ಅಂದ್ರ ಒಂದು ವರ್ಷದ್ದು ಇರಬೇಕು. ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿಗೆ ಹೋದ ನಮ್ಮ ಹಳೇ ಸ್ಟೂಡೆಂಟ್ ಒಬ್ಬಾಕಿ ಅಲ್ಲಿ ಹಾಸ್ಟೆಲ್ ವಿಳಾಸ ಕೊಟ್ಟು ಮಾಡ್ಸಿದ್ಳು, ಹೆಸರು ಆಳಂದ ಲಿಸ್ಟ್‌ನಾಗ ಬಂತು, ಕಲಬುರಗಿ ಎಂಪಿಗೆ ವೋಟ್ ಹಾಕಬೇಕು ಅಂತ ಕುಂತಾಕಿಗೆ ನಂದೇ ಹಣೆಬರಹ.

ಹೊಸಬರಿಗೆ ಫಾರ್ಮ್ 6. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ವಿಳಾಸದ ಪುರಾವೆ, ಒಂದು ಫೋಟೊ, ಮುಗೀತು. 2022ರಿಂದ 18 ತುಂಬಿರಬೇಕಾದ ಕಟ್ ಆಫ್ ವರ್ಷಕ್ಕ ನಾಕು ಸಲ ಅದ, ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, 17 ತುಂಬಿದವ್ರೂ ಮುಂಚೇನೇ ಹಾಕಿ ಇಡಬಹುದು. ಹೆಸರು ಈಗಾಗ್ಲೇ ಊರಾಗ ಇದ್ರ ಮತ್ತ ಫಾರ್ಮ್ 6 ತುಂಬಬ್ಯಾಡ್ರಿ, ಫಾರ್ಮ್ 8 ತುಂಬ್ರಿ. ಮೊದ್ಲ ಕ್ಷೇತ್ರ ಬಿಟ್ಟು ಕ್ಷೇತ್ರಕ್ಕ ಹೋಗೋರೂ 6 ತುಂಬೋದಿತ್ತು, ಅದಕ್ಕ ಝೆರಾಕ್ಸ್ ಅಂಗಡ್ಯಾಗಿನವ್ರು ಈಗೂ 6 ಅಂದೇ ಹೇಳ್ತಾರ. ನಮ್ಮ ಹುಡುಗ ಒಬ್ಬ ಹಂಗೇ ಮಾಡಿ ಎರಡ ಕಡಿ ಹೆಸರು ಬಂದು, "ಡಬಲ್ ಆಯ್ತಲ್ರಿ ಸರ್, ಛಲೋನೇ ಆಯ್ತು" ಅಂತ ಖುಷಿ ಪಟ್ಟ. ಫಾರ್ಮ್ 6ರಾಗ ಬ್ಯಾರೆ ಕಡಿ ಹೆಸರಿಲ್ಲ ಅಂತ ಸಹಿ ಮಾಡೀದಿ ತಮ್ಮಾ, ಸುಳ್ಳು ಬರದ್ರ ಒಂದು ವರ್ಷದ ತನಕ ಜೈಲು ಅದ ಅಂದೆ. ಮೋತಿ ಸಣ್ಣದಾಯ್ತು, ಮರುದಿನಾನೇ ಫಾರ್ಮ್ 7 ತುಂಬಿ ಒಂದು ತೆಗೆಸ್ದ.

ಆನ್‌ಲೈನ್ ತುಂಬುವಾಗ ಎರಡು ಕಡಿ ಎಡವ್ತಾರ. ಇಂಗ್ಲಿಷ್‌ನಾಗ ಹೆಸರು ಹೊಡದ್ರ ಕನ್ನಡ ತಾನೇ ಬರ್ತದ, ಹನಮಂತ ಅನ್ನಾಂವ ಹನಮಂಥ್ ಆಗಿರ್ತಾನ, ಅಲ್ಲೇ ತಿದ್ದಬೇಕು, ಕಾರ್ಡ್ ಬಂದಮ್ಯಾಗ ತಿದ್ದಸ್ತೀನಿ ಅಂದ್ರ ಮತ್ತ ಫಾರ್ಮ್ 8, ಮತ್ತ ಕಾಯೋದು. ಇನ್ನೊಂದು ಮೊಬೈಲ್ ನಂಬರ್. ಇಂಟರ್‌ನೆಟ್ ಅಂಗಡಿಯವನ ನಂಬರ್ ಕೊಟ್ಟು ಬಂದ್ರ ಮುಂದ ಇ-ಎಪಿಕ್ (ಮೊಬೈಲ್‌ನಾಗಿನ ವೋಟರ್ ಕಾರ್ಡ್) ಡೌನ್‌ಲೋಡ್ ಮಾಡೋ ಮುಂದ ಓಟಿಪಿ ಅವನ ಫೋನಿಗೆ ಹೋಗ್ತದ.

ಒಂದು ವರ್ಷ ನಂದೇ ತಪ್ಪು ಆಗ್ಯದ. ಹುಡುಗರ ಫಾರ್ಮ್ ಒಟ್ಟಿಗೇ ಹಾಕ್ಸಿ ಸುಮ್ನಿದ್ದೆ, ಬಿಎಲ್ಒ (ಬೂತ್ ಮಟ್ಟದ ಅಧಿಕಾರಿ) ಅಕ್ಕಾರು ಹಾಸ್ಟೆಲ್‌ಗೆ ಬಂದಾಗ ಯುಗಾದಿ ರಜಾ, ಎಲ್ಲಾ ಹುಡುಗರು ಊರಿಗೆ ಹೋಗ್ಯಾರ, ವಾಚ್‌ಮನ್ ಕಾಕಾ "ಯಾರೂ ಇಲ್ಲವಾ ಇಲ್ಲಿ" ಅಂದು ಕಳಿಸ್ಯಾನ. ಅಷ್ಟೂ ರಿಜೆಕ್ಟ್. ಅಕ್ಕಾರದೇನೂ ತಪ್ಪಿಲ್ಲ, ಆ ಬಿಸಲಾಗ ಅಂಗನವಾಡಿ ಕೆಲಸ ಮುಗಿಸಿ ಬಂದಿದ್ರು ಅವ್ರು. ಈಗ ಫಾರ್ಮ್ ಹಾಕಿದ ದಿನಾನೇ ಬಿಎಲ್ಒ ನಂಬರ್ ಹುಡುಕಿ (1950ಕ್ಕ ಫೋನ್ ಮಾಡಿದ್ರೂ ಹೇಳ್ತಾರ) ಒಂದು ದಿನ ಗೊತ್ತು ಮಾಡಿ ಮೆಸ್‌ನಾಗ ಟೇಬಲ್ ಹಾಕ್ಸಿ ಚಹಾ ಕುಡಿಸಿ ಎಲ್ಲಾರ ಕಡಿಂದ ಸಹಿ ಮಾಡ್ಸಿಬಿಡ್ತೀನಿ. ತಾರೀಖೂ ನೋಡ್ಕೋಬೇಕು, ನಾಮಪತ್ರದ ಕಡೀ ದಿನಕ್ಕಿಂತ 10 ದಿನ ಮೊದ್ಲ ಅರ್ಜಿ ಬಂದಿದ್ರ ಮಾತ್ರ ಆ ಎಲೆಕ್ಷನ್ ಲಿಸ್ಟ್‌ನಾಗ ಬರ್ತದ. 2024ರಾಗ ನಮ್ಮಲ್ಲಿ ನಾಮಪತ್ರ ಏಪ್ರಿಲ್ 19ಕ್ಕ ಮುಗೀತು, ವೋಟಿನ ಹಿಂದಿನ ವಾರ ಬಂದು "ಸರ್ ಏನಾದ್ರೂ ಮಾಡ್ರಿ" ಅಂದ್ರ ನಾ ಏನ್ ಮಾಡ್ಲಿ.

ಬೆಂಗಳೂರಾಗ ಕೆಲಸಕ್ಕ ಇರೋ ನಮ್ಮ ಹುಡುಗರದು ಬ್ಯಾರೇನೇ ತಾಪತ್ರಯ. ಅಲ್ಲಿ ವೋಟ್ ಏಪ್ರಿಲ್ 26, ಇಲ್ಲಿ ಮೇ 7. ಕಂಪನಿಯವ್ರು 26ಕ್ಕ ರಜಾ ಕೊಟ್ಟು ಕೈ ತೊಳ್ಕೊಂಡ್ರು. ನಿಮ್ಮ ಹೆಸರು ಎಲ್ಲಿ ಅದ ಅಲ್ಲಿನ ವೋಟಿನ ದಿನಾನೇ ಪಗಾರ ಸಹಿತ ರಜಾ ಸಿಗಬೇಕು, ಜನಪ್ರತಿನಿಧಿ ಕಾಯ್ದೆ 135ಬಿ ಅಂತ ಬರದು ಎಚ್‌ಆರ್‌ಗೆ ಮೇಲ್ ಹಾಕು ಅಂದೆ ಒಬ್ಬಗ. ಹಾಕ್ದ, ರಜಾ ಸಿಕ್ತು. ಕೊಡ್ಲಿಲ್ಲ ಅಂದ್ರ ದಂಡ ಬರೀ 500 ರೂಪಾಯಿ ತನಕ, ಅದು ಎಚ್‌ಆರ್‌ಗೆ ಹೇಳಬ್ಯಾಡ ಅಂತ ಅವಗ ಮೊದ್ಲೇ ಹೇಳಿದ್ದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಾಗ ನಿಂತ್ಕೊಂಡೇ ಬಂದ. ಬೂತ್‌ನಾಗ ಕಂಪನಿ ಐಡಿ ತೋರಿಸ್ಯಾನ, ನಡೆಂಗಿಲ್ಲ ಅಂದಾರ. ಸರ್ಕಾರಿ, ಪಬ್ಲಿಕ್ ಲಿಮಿಟೆಡ್ ಕಂಪನಿ ನೌಕರರ ಐಡಿ ನಡೀತದ, ಪ್ರೈವೇಟ್ ಲಿಮಿಟೆಡ್ ಕಂಪನೀದು, ಕಾಲೇಜ್ ಹುಡುಗರದು ಒಪ್ಪೋ ಐಡಿ ಲಿಸ್ಟ್‌ನಾಗ ಇಲ್ಲ. ಬರೀ ವೋಟರ್ ಸ್ಲಿಪ್ಪೂ ಸಾಲಂಗಿಲ್ಲ. ಪುಣ್ಯಕ್ಕ ಕಿಸೇದಾಗ ಆಧಾರ್ ಇತ್ತು.

ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದ್ದು ನಮ್ಮ ಸ್ಟಾಫ್ ರೂಮಿನ ಕಥಿ. ಈಶಾನ್ಯ ಪದವೀಧರ ಕ್ಷೇತ್ರಕ್ಕ 2024ರ ಜೂನ್ 3ಕ್ಕ ವೋಟಿತ್ತು, ಇದಕ್ಕ ಫಾರ್ಮ್ 18, ಡಿಗ್ರಿ ಮುಗಿದು ಮೂರು ವರ್ಷ ಆಗಿರಬೇಕು. ಹೋದ ಸಲ ಹೆಸರಿತ್ತಲ್ಲಾ ಅಂತ ನಮ್ಮ ಸೀನಿಯರ್ ಸರ್ ಆರಾಮ ಇದ್ರು. ಪ್ರತೀ ಸಲ ಲಿಸ್ಟ್ ಹೊಸದಾಗೇ ಮಾಡ್ತಾರ, ಹಳೇದು ಬರಂಗಿಲ್ಲ. ಆ ದಿನ ನಾವೆಲ್ಲಾ ಅಲ್ಲಿ ಕೊಟ್ಟ ಪೆನ್ನಿಂದ 1, 2, 3 ಅಂತ ಬರದು ಬಂದ್ವಿ, ಅವ್ರು ಬಂದು ನಮ್ಮ ಬೆರಳಿನ ಶಾಯಿ ನೋಡ್ಕೋತ ಕುಂತಿದ್ರು.

ಇಷ್ಟೆಲ್ಲಾ ಮಂದಿಗೆ ಹೇಳ್ತೀಯಲ್ಲ, ನಿನ್ನ ಹೆಸರು ಕಲಬುರಗಿ ಲಿಸ್ಟಿಗೆ ಬದಲಿ ಆಯ್ತೇನಪಾ ಅಂತ ಕೇಳ್ತೀರಿ. ಇಲ್ರಿ. ಇಲ್ಲಿ ಮನಿ ಮಾಡಿ 11 ವರ್ಷ ಆಯ್ತು, ಕಾಯ್ದೆ ಪ್ರಕಾರ ವಾಸ ಇದ್ದಲ್ಲೇ ಹೆಸರು ಇರಬೇಕು, ಫಾರ್ಮ್ 8 ಮೂರು ಸಲ ತುಂಬೀನಿ, ಸಬ್ಮಿಟ್ ಒತ್ತಿಲ್ಲ. ಹೆಸರು ಅಲ್ಲಿಂದ ಹೋದ್ರ ಊರಾಗಿನ ಗ್ರಾಮ ಪಂಚಾಯ್ತಿ ವೋಟೂ ಹೋಗ್ತದ, ನಮ್ಮ ವಾರ್ಡಿನಾಗ ಕಾಕಾನ ಮಗ ಒಮ್ಮೆ ನಾಕು ವೋಟಿನಾಗ ಸೋತಾನ. ಹೋದ ತಿಂಗಳ ಈ ಸುದ್ದಿ ತೆಗದಿದ್ದಕ್ಕ ಅವ್ವ ಎರಡು ದಿನ ಫೋನೇ ಎತ್ತಲಿಲ್ಲ.